ಲೂಯಿಸ್ ಚದುರಂಗದ ಕಾಯಿಗಳ ಪ್ರತಿಕೃತಿ: ಕಲ್ಲಿನಲ್ಲಿ ಕೆತ್ತಿಸುವುದೋ, ಮರದಲ್ಲೋ?

ಪ್ರಶ್ನೆ (ಹಾಸನದಿಂದ)

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ದೊರೆತ ಮಧ್ಯಯುಗದ ಚದುರಂಗದ ಕಾಯಿಗಳ ಮಾದರಿಯಲ್ಲಿ, ನಮ್ಮ ಬಡಾವಣೆಯ ಆಟಗಾರರ ಬಳಗಕ್ಕಾಗಿ ಒಂದು ಸೆಟ್ ಕೈಯಿಂದಲೇ ಕೆತ್ತಿಸಬೇಕೆಂದಿದ್ದೇವೆ. ಹಳೇಬೀಡಿನ ಶಿಲ್ಪಿಯೊಬ್ಬರು ಬಳಪದ ಕಲ್ಲಿನಲ್ಲಿ ಮಾಡಿಕೊಡಲು ಒಪ್ಪಿದ್ದಾರೆ; ಮಕ್ಕಳೂ ಆಡುವುದರಿಂದ ಮರವೇ ಲೇಸೆಂದು ಬಳಗದ ಕೆಲವರು ಹೇಳುತ್ತಾರೆ. ಯಾವ ವಸ್ತು, ಯಾವ ಅಳತೆ ಸೂಕ್ತ? ನಾಲ್ಕೂ ಒಂಟೆಗಳು ಒಂದೇ ತೆರನಾಗಿರಬೇಕೆಂದು ಶಿಲ್ಪಿಗೆ ಹೇಳಬೇಕೆ?

ಉತ್ತರ (ಚಿಕ್ಕಮಗಳೂರಿನಿಂದ)

ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ದಯವಿಟ್ಟು ಹಾಗೆ ಹೇಳಬೇಡಿ. ಅಲ್ಲಿ ದೊರೆತ 93 ವಸ್ತುಗಳಲ್ಲಿ 78 ಚದುರಂಗದ ಕಾಯಿಗಳು. ಎಂಟು ರಾಜರು, ಎಂಟು ರಾಣಿಯರು, ನಮ್ಮ ಒಂಟೆಯ ಜಾಗದಲ್ಲಿ ನಿಲ್ಲುವ ಹದಿನಾರು ಬಿಷಪ್ಪರು (ಕ್ರೈಸ್ತ ಧರ್ಮಗುರುಗಳು) ಅವುಗಳಲ್ಲಿದ್ದು, ಒಬ್ಬರ ಮುಖ ಇನ್ನೊಬ್ಬರಿಗಿಲ್ಲ. ರಾಣಿಯರೆಲ್ಲರೂ ಕೆನ್ನೆಗೆ ಕೈಯಿಟ್ಟಿದ್ದರೂ ಪ್ರತಿಯೊಬ್ಬಳ ಚಿಂತೆ ಬೇರೆ ಎನಿಸುತ್ತದೆ. ನಮ್ಮ ಆನೆಯ ಜಾಗದಲ್ಲಿ ಅಲ್ಲಿ ಕಾವಲು ಯೋಧರಿದ್ದು, ಕೆಲವರು ಆವೇಶದಿಂದ ತಮ್ಮ ಗುರಾಣಿಯ ಅಂಚನ್ನೇ ಕಚ್ಚಿಕೊಂಡಿದ್ದಾರೆ. ಅಚ್ಚಿನಲ್ಲಿ ಎರಕ ಹೊಯ್ದ ರಾಳದ ಪ್ರತಿಕೃತಿಗಳಲ್ಲಿ ಒಂದೇ ಮುಖ ಮರುಕಳಿಸುತ್ತದೆ. ಕೈಕೆತ್ತನೆಗೆ ಹಣ ಕೊಡುವುದು ಈ ವೈವಿಧ್ಯಕ್ಕಾಗಿಯೇ.

ಅವುಗಳ ಗಿಡ್ಡ, ಗಟ್ಟಿಮುಟ್ಟಾದ ರೂಪಕ್ಕೂ ಕಾರಣವಿದೆ. ಬಹುತೇಕ ಕಾಯಿಗಳನ್ನು ವಾಲ್ರಸ್ ಎಂಬ ಕಡಲ ಪ್ರಾಣಿಯ ಕೋರೆಯಿಂದ, ಪ್ರಾಯಶಃ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ, 12ನೆಯ ಶತಮಾನದ ಕೊನೆಯ ಭಾಗದಲ್ಲಿ ಕೆತ್ತಲಾಯಿತು. ಕೋರೆಯ ದಪ್ಪ ಮೀರಿ ಕೈ ಚಾಚುವಂತಿರಲಿಲ್ಲವಾದ್ದರಿಂದ ಖಡ್ಗ ರಾಜನ ತೊಡೆಯ ಮೇಲೆ ಅಡ್ಡವಾಗಿ ಮಲಗಿದೆ, ಈಟಿ ಸವಾರನ ಮೈಗಂಟಿಕೊಂಡಿದೆ. ಇಂತಹ ಅಡಕವಾದ ರೂಪ ಬಳಪದ ಕಲ್ಲಿಗೂ ಒಗ್ಗುತ್ತದೆ, ಮರಕ್ಕೂ ಒಗ್ಗುತ್ತದೆ. ಮರವಾದರೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದ ನಸುಬಿಳಿ ಬಣ್ಣ ದಂತಕ್ಕೆ ಹತ್ತಿರ. ಆದರೆ ಇದು ಚರಕಿಯಲ್ಲಿ ಸುತ್ತಿಸಿ ಮಾಡುವ ಕೆಲಸವಲ್ಲ, ಉಳಿಯ ಕೆಲಸ. ನಮ್ಮ ತೋಟಗಳಲ್ಲಿ ಕಿತ್ತ ಹಳೆಯ ಕಾಫಿ ಬೊಡ್ಡೆಯೂ ಗಟ್ಟಿಯಾದುದೇ. ಒಣಗುವಾಗ ಸೀಳುವುದರಿಂದ ತುದಿಗಳಿಗೆ ಮೇಣ ಹಚ್ಚಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು.

ಉತ್ತರ (ಬೇಲೂರಿನಿಂದ)

ಮಕ್ಕಳು ಆಡುವುದಾದರೆ ನನ್ನ ಮತ ಮರಕ್ಕೆ. ಬಳಪದ ಕಲ್ಲು ಉಳಿಗೆ ಸುಲಭವಾಗಿ ಬಗ್ಗುವಷ್ಟು ಮೃದು, ಆದ್ದರಿಂದಲೇ ಗಾರೆ ನೆಲಕ್ಕೆ ಬಿದ್ದರೆ ಕುದುರೆಯ ಕಿವಿ, ರಾಜನ ಕಿರೀಟ ಮುಕ್ಕಾಗುತ್ತವೆ. ಅಳತೆಯ ವಿಷಯದಲ್ಲಿ, ಮೂಲದ ರಾಜರು ಸುಮಾರು 7.3ರಿಂದ 10.2 ಸೆಂಟಿಮೀಟರ್ ಎತ್ತರವಿದ್ದಾರೆ. ಎತ್ತರಕ್ಕಿಂತ ಪೀಠದ ಅಗಲವನ್ನು ಮೊದಲು ನಿರ್ಧರಿಸಿ, ಏಕೆಂದರೆ ಸಿಂಹಾಸನದಲ್ಲಿ ಕುಳಿತ ರಾಜ ಮಣೆಯ ಮನೆಯನ್ನು ಬಹುಪಾಲು ತುಂಬಿಬಿಡುತ್ತಾನೆ. ಮನೆಯ ಅಗಲ 6 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಿರಲಿ. ಪದಾತಿಗಳಿಗೆ ಮುಖ ಬೇಡ. ಮೂಲದಲ್ಲೂ ಅವು ನೆಟ್ಟ ವೀರಗಲ್ಲಿನಂತಹ ಸರಳ ಆಕಾರಗಳು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಹಾಲೆ ಮರವನ್ನೇ ಆರಿಸುತ್ತೇವೆ. ಎದುರು ಪಕ್ಷಕ್ಕೆ ಕಪ್ಪು ಬಣ್ಣ ಹಚ್ಚಿಸುವುದೇ?

ಉತ್ತರ (ಚಿಕ್ಕಮಗಳೂರಿನಿಂದ)

ಕೆಂಪು ಹಚ್ಚಿಸಿ. ಲೂಯಿಸ್ ಕಾಯಿಗಳು ಸಿಕ್ಕ ಕಾಲದಲ್ಲಿ ಕೆಲವುಗಳ ಮೇಲೆ ಕೆಂಬಣ್ಣದ ಕುರುಹು ಕಂಡಿತ್ತೆಂದು ದಾಖಲಾಗಿದೆ. ಬಣ್ಣ ತೆಳುವಾಗಿರಲಿ, ದಪ್ಪವಾಗಿ ಬಳಿದರೆ ಕೆತ್ತಿದ ಕಣ್ಣುಗಳೂ ಉಡುಪಿನ ಮಡಿಕೆಗಳೂ ಮುಚ್ಚಿಹೋಗುತ್ತವೆ.