ಗೋಲ್ಡನ್‌ಡಿಕ್ಟ್: ಟೈಪ್ ಮಾಡಿದ್ರ ಬರೋ ಶಬ್ದ, ಕಾಪಿ ಮಾಡಿದ್ರ ಸಿಗವಲ್ದು

ಕರಡು_ಧಾರವಾಡ:
ನಾನು ಕರಡು ತಿದ್ದಾಕಿ. ಹಳೇ ಪುಸ್ತಕಗಳ ಮರುಮುದ್ರಣದ ಕೆಲಸ ಹೆಚ್ಚು. ವಿಂಡೋಸ್‌ನ್ಯಾಗ ಗೋಲ್ಡನ್‌ಡಿಕ್ಟ್ ಅನ್ನೋ ನಿಘಂಟು ನೋಡೋ ತಂತ್ರಾಂಶ ಹಾಕ್ಕೊಂಡು, ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಅನ್ನ ಸ್ಟಾರ್‌ಡಿಕ್ಟ್ ಅನ್ನೋ ನಮೂನಿ ಕಡತವಾಗಿ ಸೇರಿಸೇನಿ. ಒಂದೂವರೆ ಲಕ್ಷಕ್ಕೂ ಮಿಕ್ಕಿ ಶಬ್ದ ಅದಾವ, ನೆಟ್ ಇಲ್ಲದನೂ ನಡೀತದ. ಮಳಿಗಾಲದಾಗ ನಮ್ಮ ಓಣ್ಯಾಗ ನೆಟ್ ಹೋದ್ರ ಕೆಲಸ ನಿಲ್ಲೂದಿಲ್ಲ, ಅದು ನನಗ ಭಾಳ ದೊಡ್ಡದು.

ತೊಂದರಿ ಇದು. ತಿದ್ದೋ ಪುಸ್ತಕದ ಕಡತದಾಗಿನ ಶಬ್ದ ಗುರುತು ಮಾಡಿ, ಕಂಟ್ರೋಲ್ ಹಿಡಿದು ಸಿ ಎರಡು ಸಲ ಒತ್ತಿದ್ರ ಸಣ್ಣ ಕಿಟಕಿ ತೆರೀತದ. ಆದ್ರ ಸಂಕಟ, ಬೆಂಕಿ, ಅಂಗಳ ಒಂದೂ ಸಿಗೂದಿಲ್ಲ. ಅದ ಶಬ್ದ ನಾನ ಟೈಪ್ ಮಾಡಿದ್ರ ಥಟ್ಟನ ಬರ್ತದ. ‘ಹೊರಟಿದ್ದಳು’ ಅಂಥವು ಹೆಂಗ ಕೊಟ್ರೂ ಬರೂದಿಲ್ಲ. ಗೊತ್ತಿದ್ದವರು ಹೇಳ್ರಿ.

ಮಲೆನಾಡಿಗ:
ಕಡತ ನುಡಿ, ಬರಹದ ಹಳೇ ಫಾಂಟಿನದ್ದಾ? ಹಾಗಿದ್ರೆ ಮೊದಲು ಯೂನಿಕೋಡ್‌ಗೆ ಬದಲಿಸಬೇಕು.

ಕರಡು_ಧಾರವಾಡ:
ಅಲ್ರಿ, ಯೂನಿಕೋಡ್‌ನ ಅದ. ಮನೆ, ಕೆರೆ, ಹೊಲ ಎಲ್ಲಾ ಸಿಗ್ತಾವ.

ಲಿಪಿಕಾರ:
ಮೇಡಂ, ಸಿಗದ ಮೂರೂ ಪದಗಳಲ್ಲಿ ಅನುಸ್ವಾರ ಇದೆ ನೋಡಿ. ನಿಮ್ಮ ಕಡತದಲ್ಲಿ ಅದರ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿರುತ್ತೆ. ಕಣ್ಣಿಗೆ ಎರಡೂ ಒಂದೇ ಬೊಟ್ಟು. ಆದರೆ ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ: ಅನುಸ್ವಾರ 0ಸಿ82, ಸೊನ್ನೆ 0ಸಿಇ6. ನಿಘಂಟಿಗೆ ‘ಸ೦ಕಟ’ ಬೇರೆಯೇ ಪದ. ಕಡತದಲ್ಲಿ ೦ ಹುಡುಕಿ, ಪದದ ನಡುವೆ ನಿಂತರೆ ಅದೇ ಕಾರಣ.

ಆದರೆ ಒಟ್ಟಿಗೇ ಬದಲಿಸಬೇಡಿ, ೧೯೫೦ ಇದ್ದದ್ದು ೧೯೫ಂ ಆಗಿಬಿಡುತ್ತೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ರೆಗ್ಯುಲರ್ ಎಕ್ಸ್‌ಪ್ರೆಶನ್ಸ್‌ಗೆ ಟಿಕ್ ಹಾಕಿ. ಹುಡುಕುವಲ್ಲಿ ([^೦-೯])೦ ಅಂತ ಕೊಡಿ, ಬದಲಿಸುವಲ್ಲಿ $1ಂ ಅಂತ ಕೊಡಿ. ಹಿಂದೆ ಅಂಕಿ ಇಲ್ಲದ ಸೊನ್ನೆ ಮಾತ್ರ ಬದಲಾಗುತ್ತೆ. ೦.೫ ಥರದ್ದೇನಾದರೂ ಇದ್ರೆ ಒಮ್ಮೆ ಕಣ್ಣಾಡಿಸಿ.

ಹೊರಟಿದ್ದಳು ವಿಷಯ ಬೇರೆ. ನಿಘಂಟಿನಲ್ಲಿರೋದು ಮೂಲರೂಪ. ‘ಹೊಲದಲ್ಲಿ’ ಆದ್ರೆ ಕೊನೆಯಿಂದ ಅಳಿಸ್ತಾ ಬಂದರೆ ‘ಹೊಲ’ ಸಿಗುತ್ತೆ. ಇಲ್ಲಿ ಧಾತುವೇ ರೂಪ ಬದಲಿಸಿದೆ, ‘ಹೊರಡು’ ಅಂತಲೇ ಕೊಡಬೇಕು. ಪ್ರತ್ಯಯ ಬಿಡಿಸಿ ಮೂಲರೂಪ ಹುಡುಕೋಕೆ ಗೋಲ್ಡನ್‌ಡಿಕ್ಟ್‌ಗೆ ಹನ್‌ಸ್ಪೆಲ್ ಅನ್ನೋ ಕಾಗುಣಿತ ತಂತ್ರಾಂಶದ ಕಡತ ಜೋಡಿಸಬಹುದು, ಇಂಗ್ಲಿಷಿಗೆ ಅದು ಚೆನ್ನಾಗಿ ಒದಗುತ್ತೆ. ಪ್ರತ್ಯಯದ ಮೇಲೆ ಪ್ರತ್ಯಯ ಬರೋ ನಮ್ಮ ಭಾಷೆಗೆ ಅದನ್ನೇ ನೆಚ್ಚಿಕೊಳ್ಳೋ ಹಾಗಿಲ್ಲ.

ಕರಡು_ಧಾರವಾಡ:
ಸೊನ್ನಿನ ಆಗಿತ್ರಿ! ಬದಲಿಸಿದ ಮ್ಯಾಲೆ ಬೆಂಕಿ, ಅಂಗಳ ಎಲ್ಲಾ ಬಂದ್ವು. ಈ ಪುಸ್ತಕ ಇ-ಬುಕ್ ಆಗಿನೂ ಬರೂದದ. ಹಂಗ ಬಿಟ್ಟಿದ್ರ ಓದೋರು ‘ಸಂಕಟ’ ಅಂತ ಹುಡುಕಿದ್ರ ಒಂದು ಪುಟಾನೂ ಸಿಗ್ತಿರಲಿಲ್ಲ. ಉಳಿದ ಪುಸ್ತಕಗಳ ಕಡತಾನೂ ಕಳಸ್ರಿ ಅಂತ ಪ್ರಕಾಶಕರಿಗೆ ಇವತ್ತ ಫೋನ್ ಮಾಡ್ತೇನಿ.