ಅಪ್‌ಡೇಟ್: ಕಾಸರಗೋಡಿನ ಬದಿಯಡ್ಕದ ಹಳೇ ಶೆವರ್ಲೆ ಗಾಡಿಯ ಬಾಡಿ ಕಟ್ಟಿದ್ದು ಯಾರು ಅಂತ ಗೊತ್ತಾಯ್ತು

ಮಾವನ ಮನೆಯ ಕೊಟ್ಟಿಗೆಯಲ್ಲಿದ್ದ ಮರದ ಚೌಕಟ್ಟಿನ ಶೆವರ್ಲೆಯ ಬಾಡಿ ಯಾರದ್ದು, ಅದು ಯಾವ ಕೆಲಸಕ್ಕೆ ಅಂತ ಕೇಳಿದ್ದೆ ಅಲ್ವಾ? ಶಿಕಾರಿ ಗಾಡಿ ಇರಬಹುದು ಅನ್ನುವ ಊಹೆಯೂ ಇತ್ತು. ಉತ್ತರ ಸಿಕ್ಕಿತು.

ಚಾಸಿ (ಗಾಡಿಯ ಅಡಿಯ ಚೌಕಟ್ಟು) ನಂಬರ್ ಹುಡುಕಿ ಅಂದಿದ್ದರು ಹೆಚ್ಚಿನವರು. ಅದರಿಂದ ಬಾಡಿಯ ಸುಳಿವು ಸಿಗಲಿಲ್ಲ. ಆರು ಸಿಲಿಂಡರ್ ಎಂಜಿನ್ ನೋಡಿ 1929ರದ್ದು ಅಥವಾ ಅದರ ನಂತರದ್ದು ಅನ್ನುವುದಷ್ಟೇ ಖಚಿತವಾಯ್ತು.

ಕೆಲಸಕ್ಕೆ ಬಂದದ್ದು "ಬಾಗಿಲ ಕೆಳಗಿನ ಪಟ್ಟಿ ಉಜ್ಜಿ ನೋಡಿ" ಅಂದವರ ಸಲಹೆ. ಸೀಮೆಎಣ್ಣೆ ಹಾಕಿ ಮೆಲ್ಲಗೆ ಉಜ್ಜಿದೆವು. ಪೇಂಟಿನ ಪದರಗಳ ಅಡಿಯಿಂದ ಹಿತ್ತಾಳೆಯ ಸಣ್ಣ ಫಲಕ ಕಾಣಿಸಿತು: ಸಿಂಪ್ಸನ್ ಆಂಡ್ ಕಂಪನಿ, ಮದ್ರಾಸ್. 1840ರಲ್ಲಿ ಶುರುವಾದ ಕಂಪನಿ, ಮೊದಲು ಕುದುರೆಗಾಡಿ ಕಟ್ಟುತ್ತಿದ್ದವರು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು, ಹಾಗಾಗಿ ಮದ್ರಾಸಿನ ಬಾಡಿ ಇಲ್ಲಿಗೆ ಬಂದದ್ದು ಸಹಜವೇ.

ಶಿಕಾರಿ ಗಾಡಿ ಅನ್ನುವ ಊಹೆ ಸರಿಯಲ್ಲ. ಕೋವಿ ಇಡುವ ಜಾಗದ ಗುರುತೇ ಇಲ್ಲ. ಹಿಂದಿನ ಹಲಗೆ ಎತ್ತಿದಾಗ ನೆಲದಲ್ಲಿ ಎರಡು ಕಬ್ಬಿಣದ ಹಳಿ, ತುದಿಯಲ್ಲಿ ಕೊಕ್ಕೆ. ಸ್ಟ್ರೆಚರ್ ಜಾರಿಸಿ ಸಿಕ್ಕಿಸಲು! ಪಕ್ಕದ ಗಾಜಿನ ಕೆಳಭಾಗ ಮಸುಕಾಗಿದ್ದದ್ದೂ ಒಳಗೆ ಮಲಗಿದ ರೋಗಿ ಹೊರಗೆ ಕಾಣದಿರಲಿ ಅಂತಲೇ. ಇದು ಆಂಬುಲೆನ್ಸ್. ಸೀಟುಗಳನ್ನು ಆಮೇಲೆ ಯಾರೋ ಕೂರಿಸಿದ್ದಾರೆ, ಅವುಗಳ ಮೊಳೆಗಳೇ ಬೇರೆ.

ನನಗೆ ಜಾಸ್ತಿ ಆಶ್ಚರ್ಯ ಆದದ್ದು, ಆ ಕಾಲದಲ್ಲಿ ಬರೀ ಚಾಸಿ ಕೊಂಡು ಬಾಡಿಯನ್ನು ಬೇರೆಯವರಿಂದ ಕಟ್ಟಿಸುವುದು ಮಾಮೂಲಿ ಅನ್ನೋದು. ಹಾಗಾಗಿ ಬಾನೆಟ್ ಮೇಲಿನ ಹೆಸರನ್ನಷ್ಟೇ ನಂಬಬೇಡಿ. ಸೀಟುಗಳನ್ನು ತೆಗೆಸಿ, ಹಳಿಗಳನ್ನು ಹಾಗೇ ಉಳಿಸಲು ಮಾವ ಒಪ್ಪಿದ್ದಾರೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.