ಸುಮಕ್ಕ ಕೇಳಿದ ಸಿನಿಮಾ ಬಗ್ಗೆ, ರಘು ಮಾಮ ನೀವೂ ಕೇಳಿ

ಸುಮಕ್ಕ, ನಿನ್ ಮೆಸೇಜು ಈಗ ನೋಡ್ದೆ. ದಸರಾ ರಜಕ್ಕೆ ಮಕ್ಳೆಲ್ಲ ಮೈಸೂರಲ್ಲಿ ಸೇರ್ದಾಗ ಒಂದಿನ ಸಂಜೆ ಪ್ರೊಜೆಕ್ಟರ್ ಹಾಕಿ ಆ ಜಪಾನಿ ಅನಿಮೇಷನ್ ಸಿನಿಮಾ, ವಿಸ್ಪರ್ ಆಫ್ ದಿ ಹಾರ್ಟ್, ತೋರಿಸ್ಲಾ ಅಂತ ಕೇಳಿದೀಯ, ಅದ್ರ ಕೆಳಗೆ ರಘು ಮಾಮ ಅದು ಲವ್ ಸ್ಟೋರಿ ಅಂತೆ, ಇನ್ನೂ ಸ್ಕೂಲು ಮಕ್ಳು ಕೊನೇಲಿ ಮದುವೆ ಮಾತಾಡ್ತಾರಂತೆ, ಬೇರೆ ಏನಾದ್ರೂ ಹಾಕಿ ಅಂದಿದಾರೆ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಮಾತಾಡ್ಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ತಾ ಕೇಳ್ಕೊಳ್ಳಿ.

ನನ್ ಕೇಳಿದ್ರೆ ಧಾರಾಳವಾಗಿ ತೋರಿಸು. ಹತ್ತು ವರ್ಷ ದಾಟಿದ ಮಕ್ಳಿಗೆ, ಮತ್ತೆ ನಾವು ದೊಡ್ಡೋರೂ ಜೊತೇಲಿ ಕೂತ್ಕೋಬೇಕು, ಅದನ್ನ ಆಮೇಲೆ ಹೇಳ್ತೀನಿ ಯಾಕೆ ಅಂತ. ನಾನು ನನ್ ಮಗಳ ಪಕ್ಕ ಕೂತು ಪೂರ್ತಿ ನೋಡಿದೀನಿ, ರಿಮೋಟಿಗೆ ಕೈ ಹೋಗೋ ಅಂಥ ಒಂದು ಸೀನೂ ಇಲ್ಲ. ಮುತ್ತು ಗಿತ್ತು ಇಲ್ಲ, ಹೊಡೆದಾಟ ಇಲ್ಲ, ಕೊನೇಲಿ ಹುಡುಗ ಖುಷಿಗೆ ಒಂದ್ಸಲ ತಬ್ಕೋತಾನೆ ಅಷ್ಟೆ. ಅಮೆರಿಕದಲ್ಲೂ ಇದಕ್ಕೆ ಜಿ ರೇಟಿಂಗು, ಅಂದ್ರೆ ಎಲ್ಲಾ ವಯಸ್ಸಿನೋರೂ ನೋಡ್ಬಹುದು. ಅಪ್ಪ ಮನೆಯೊಳಗೇ ಸಿಗರೇಟು ಸೇದ್ತಾರೆ, 1995ರ ಸಿನಿಮಾ ಅಲ್ವಾ. ಇನ್ನೊಂದು, ಹುಡುಗಿಗೆ ಒಂದು ಕೆಟ್ಟ ಕನಸು ಬೀಳುತ್ತೆ, ಗುಹೆಯೊಳಗೆ ಓಡ್ತಾ ಹೊಳೆಯೋ ಕಲ್ಲು ಹುಡುಕ್ತಾ ಇರ್ತಾಳೆ, ಕೈಗೆ ತಗೊಂಡ್ರೆ ಅದು ಸತ್ತ ಹಕ್ಕಿಮರಿ ಆಗಿರುತ್ತೆ. ಕ್ಷಣದಲ್ಲಿ ಹೋಗ್ಬಿಡುತ್ತೆ, ಆದ್ರೂ ತೀರಾ ಚಿಕ್ಕ ಮಗು ಬೆಚ್ಚಿಬೀಳ್ಬಹುದು.

ಕಥೆ ಇಷ್ಟೆ. ಟೋಕಿಯೋದ ಪಶ್ಚಿಮಕ್ಕೆ ತಾಮಾ ಅಂತ ಗುಡ್ಡಗುಡ್ಡದ ಜಾಗ, ಅಲ್ಲಿ ಒಂದು ಇಕ್ಕಟ್ಟು ಅಪಾರ್ಟ್‌ಮೆಂಟಲ್ಲಿ ಶಿಜುಕು ಅಂತ ಹುಡುಗಿ, ಅಪ್ಪ ಲೈಬ್ರರೀಲಿ ಕೆಲಸ, ಅಮ್ಮ ಆ ವಯಸ್ಸಲ್ಲಿ ಮತ್ತೆ ಯೂನಿವರ್ಸಿಟಿಗೆ ಹೋಗಿ ಓದ್ತಿರ್ತಾರೆ, ಒಬ್ಳು ಜೋರು ಬಾಯಿ ಅಕ್ಕ. ಹುಡುಗಿ ಪುಸ್ತಕದ ಹುಳ. ತಾನು ತರೋ ಪ್ರತಿ ಲೈಬ್ರರಿ ಪುಸ್ತಕದ ಹಿಂದಿನ ಕಾರ್ಡಲ್ಲೂ ತನಗಿಂತ ಮುಂಚೆ ಸೇಜಿ ಅನ್ನೋ ಒಬ್ಬನ ಹೆಸರಿರೋದು ಅವಳ ಕಣ್ಣಿಗೆ ಬೀಳುತ್ತೆ, ಯಾರಪ್ಪ ಇವನು ಅಂತ ಶುರು. ಅವನಿಗೆ ಪಿಟೀಲು ಮಾಡೋ ಕುಶಲಕರ್ಮಿ ಆಗ್ಬೇಕು, ಅದಕ್ಕೆ ಇಟಲಿಯ ಕ್ರೆಮೋನಾಗೆ ಹೋಗ್ಬೇಕು. ಪಿಟೀಲು ಮಾಡೋದ್ರಲ್ಲಿ ಹೆಸರಾದ ಸ್ಟ್ರಾಡಿವೇರಿಯಸ್ ಇದ್ದ ಊರದು, ಇವತ್ತಿಗೂ ಅಲ್ಲಿ ಕೈಯಲ್ಲೇ ಪಿಟೀಲು ಮಾಡ್ತಾರೆ.

ಮಾಮ, ಮದುವೆ ಮಾತು ಇದೆ, ಇಲ್ಲ ಅನ್ನಲ್ಲ. ಬೆಳಗಿನ ಜಾವ ಗುಡ್ಡದ ಮೇಲೆ ಸೂರ್ಯ ಹುಟ್ಟೋದು ನೋಡ್ತಾ ಹುಡುಗ ಕೇಳ್ತಾನೆ, ತಾನು ಒಳ್ಳೆ ಪಿಟೀಲು ಮಾಡೋನಾದ್ಮೇಲೆ ಮದುವೆ ಆಗ್ತೀಯಾ ಅಂತ, ಅವಳು ಹೂಂ ಅಂತಾಳೆ. ಅದು ಮುಂದಿನ ಮಾತು, ಕಲಿತು ಒಂದು ನೆಲೆಗೆ ಬಂದ್ಮೇಲಿನ ಮಾತು. ಆಗ ಜಪಾನ್ ಕಾನೂನಲ್ಲೂ ಅಪ್ಪ ಅಮ್ಮ ಒಪ್ಪಿದ್ರೂ ಹುಡುಗಿಗೆ 16, ಹುಡುಗನಿಗೆ 18 ಆಗ್ಲೇಬೇಕಿತ್ತು, 2022ರಿಂದ ಇಬ್ಬರಿಗೂ 18 ಮಾಡಿದಾರೆ. ಆ ವಯಸ್ಸಿನ ಮಕ್ಳು ಹಾಗೆ ಮಾತು ಕೊಟ್ಕೊಳ್ಳೋದು ನಂಗೂ ಅವಸರ ಅನ್ಸುತ್ತೆ, ಮಗಳಿಗೂ ಹಾಗೇ ಹೇಳ್ದೆ. ಅದಕ್ಕೆ ಅವಳು ಅಮ್ಮಾ, ಇಬ್ರೂ ಓದೋಕೆ ವಾಪಸ್ ಹೋಗ್ತಾರಲ್ಲ ಅಂದ್ಲು. ಆ ಮಾತು ಅವಳ ಬಾಯಿಂದ ಬಂತಲ್ಲ, ನಾನು ಅರ್ಧ ಗಂಟೆ ಬುದ್ಧಿ ಹೇಳಿದ್ರೂ ಬರ್ತಿರ್ಲಿಲ್ಲ.

ನಮ್ ಗಂಡುಮಕ್ಳು ನೋಡ್ಲೇಬೇಕು ಅಂತ ನಂಗನ್ಸೋದು ಬೇರೆ ಸೀನು. ಸುಗಿಮುರ ಅಂತ ಇವಳ ಕ್ಲಾಸ್‌ಮೇಟು, ಬೇಸ್‌ಬಾಲ್ ಆಡೋ ಹುಡುಗ, ಒಳ್ಳೇ ಹುಡುಗ ಅವನೂ. ದೇವಸ್ಥಾನದ ಅಂಗಳದಲ್ಲಿ ನಿಂತು ನೀನಂದ್ರೆ ಇಷ್ಟ ಅಂತ ಹೇಳ್ತಾನೆ. ಇವಳಿಗೆ ಗಾಬರಿ, ಫ್ರೆಂಡ್ ಅಷ್ಟೇ ಅಂತಾಳೆ. ಇನ್ಮೇಲೂ ಅಷ್ಟೇನಾ ಅಂತ ಒಂದು ಮಾತು ಕೇಳ್ತಾನೆ, ಅವಳು ಹೂಂ ಅಂತ ತಲೆ ಆಡಿಸ್ತಾಳೆ, ಸರಿ ಅಂತ ಬ್ಯಾಗು ತಗೊಂಡು ಹೊರಟ್ಹೋಗ್ತಾನೆ. ಮುಗೀತು. ಬೇಡ ಅಂದ್ಮೇಲೂ ಹಿಂದೆ ಬಿದ್ದು ಬಿದ್ದು ಒಪ್ಪಿಸ್ಕೊಳ್ಳೋ ಹೀರೋಗಳನ್ನೇ ನೋಡ್ಕೊಂಡು ಬೆಳೀತಿರೋ ಮಕ್ಳು ನಮ್ದು, ಬೇಡ ಅಂದಾಗ ಹುಡುಗ ಮರ್ಯಾದೆಯಾಗಿ ನಡ್ಕೊಂಡು ಹೋಗೋದನ್ನ ಒಂದ್ಸಲ ನೋಡ್ಲಿ. ಸೇಜಿನೂ ಇವಳ ಗಮನ ಸೆಳೆಯೋಕೆ ಅಂತಲೇ ಅಷ್ಟು ಪುಸ್ತಕ ಇವಳಿಗಿಂತ ಮೊದಲೇ ತಗೊಂಡು ಓದಿರ್ತಾನೆ, ಲೈಬ್ರರೀಲಿ ಪಕ್ಕದಲ್ಲೇ ಕೂತಿರ್ತಾನೆ, ಅದು ಸರೀನಾ ಅಂತ ಬೇಕಾದ್ರೆ ಮಕ್ಳನ್ನೇ ಕೇಳು ಸುಮಕ್ಕ, ಒಳ್ಳೆ ಮಾತು ಹೊರಡುತ್ತೆ.

ಈಗ ನಿಜವಾಗ್ಲೂ ನಮಗೆ ಕಷ್ಟ ಆಗೋ ಭಾಗಕ್ಕೆ ಬರ್ತೀನಿ, ಲವ್ವಿಗಿಂತ ಜಾಸ್ತಿ ನಂಗೆ ಎದೆ ಹೊಡ್ಕೊಂಡಿದ್ದು ಅಲ್ಲೇ. ಅವರಿಗದು ಹೈಸ್ಕೂಲ್ ಸೇರೋ ಎಂಟ್ರೆನ್ಸ್ ವರ್ಷ, ನಮ್ಮ ಎಸ್ಸೆಸ್ಸೆಲ್ಸಿ ವರ್ಷ ಇದ್ದಂಗೆ. ಸೇಜಿಗೆ ತನ್ನ ದಾರಿ ಗೊತ್ತು, ನಂಗೇನು ಬರುತ್ತೆ ಅಂತ ಇವಳಿಗೆ ಕೊರಗು ಹತ್ತುತ್ತೆ, ಅವನು ಎರಡು ತಿಂಗಳು ಕ್ರೆಮೋನಾಗೆ ಹೋಗಿ ಬರೋದ್ರೊಳಗೆ ನಾನೂ ಒಂದು ಕಥೆ ಬರೆದು ಮುಗಿಸ್ತೀನಿ ಅಂತ ಕೂತ್ಬಿಡ್ತಾಳೆ, ರಾತ್ರಿ ಹಗಲು ಅದೇ, ಮಾರ್ಕ್ಸು ಬಿದ್ಹೋಗುತ್ತೆ, ಸ್ಕೂಲಿಂದ ಕರೆ ಬರುತ್ತೆ, ಅಕ್ಕ ಕಿರುಚಾಡ್ತಾಳೆ. ಅಪ್ಪ ಅಮ್ಮ ಊಟದ ಟೇಬಲ್ಲಿಗೆ ಕರೆದು ಕೂರಿಸ್ತಾರೆ. ಮಾಮ, ಆ ಸೀನಲ್ಲಿ ಯಾರೂ ದನಿ ಎತ್ತಲ್ಲ. ಏನ್ ಮಾಡ್ತಿದೀಯ ಅಂತ ಕೇಳ್ತಾರೆ, ಅವಳು ಈಗ ಹೇಳೋಕಾಗಲ್ಲ, ಆದ್ರೆ ಮಾಡ್ಲೇಬೇಕು ಅಂತಾಳೆ. ಅಪ್ಪ ಸಿಗರೇಟು ಹಿಡ್ಕೊಂಡು ಸುಮ್ನೆ ಯೋಚ್ನೆ ಮಾಡಿ, ಲೈಬ್ರರೀಲಿ ನೀನು ಕೂತು ಬರೆಯೋದನ್ನ ನಾನೂ ನೋಡಿದೀನಿ, ಮಾಡು ಅಂತಾರೆ. ಜೊತೆಗೇ ಇನ್ನೊಂದು ಮಾತು, ಎಲ್ಲರ ಥರ ಇಲ್ದೆ ತನ್ನ ದಾರಿ ಹಿಡಿಯೋದು ಸುಲಭ ಇಲ್ಲ, ಏನೇ ಆದ್ರೂ ಇನ್ನೊಬ್ಬರ ಮೇಲೆ ಹಾಕೋ ಹಾಗಿಲ್ಲ ಅಂತ. ಹೆದರಿಸಿದ್ದೂ ಇಲ್ಲ, ಮುದ್ದು ಮಾಡಿದ್ದೂ ಇಲ್ಲ. ನಮ್ಮ ಮನೇಗಳಲ್ಲಿ ಹತ್ತನೇ ಕ್ಲಾಸಿನ ಮಗು ಪರೀಕ್ಷೆ ವರ್ಷ ಹಾಗಂದ್ರೆ ನಾವೇನ್ ಹೇಳ್ತಿದ್ವಿ ಅಂತ ನಂಗೆ ಚೆನ್ನಾಗ್ ಗೊತ್ತು, ನಿಮಗೂ ಗೊತ್ತು. ಅದಕ್ಕೇ ದೊಡ್ಡೋರು ಕೂತ್ಕೋಬೇಕು ಅಂದಿದ್ದು, ಮಕ್ಳು ಆ ಸೀನ್ ನೋಡಿ ನಮ್ ಕಡೆ ತಿರುಗ್ತಾರೆ, ಆಗ ನಾವು ಅಡುಗೆಮನೇಲಿದ್ರೆ ಆಗಲ್ಲ.

ಹಾಗಂತ ಹುಡುಗಿ ಗೆದ್ದು ದೊಡ್ಡ ರೈಟರ್ ಆಗ್ಬಿಡ್ತಾಳೆ ಅಂತಾನೂ ತೋರಿಸಲ್ಲ. ಸೇಜಿಯ ತಾತಂದು ಒಂದು ಹಳೇ ಸಾಮಾನಿನ ಅಂಗಡಿ, ಅವರು ಮೊದಲೇ ಇವಳ ಕೈಗೆ ಒಂದು ಕಲ್ಲು ಕೊಟ್ಟಿರ್ತಾರೆ, ಹೊರಗೆ ಒರಟು, ಬಿರುಕಿನೊಳಗೆ ಬೆಳಕು ಬಿಟ್ಟು ನೋಡಿದ್ರೆ ಹಸಿರು ಹರಳು, ಇನ್ನೂ ಉಜ್ಜಿ ಹೊಳಪು ತರಬೇಕಾದ್ದು. ಕಥೆ ಮುಗಿಸಿ ಕೊಟ್ಟಾಗ ತಾತ ಓದಿ, ಚೆನ್ನಾಗಿದೆ, ಇನ್ನೂ ಒರಟು ಅಂತ ಇದ್ದಿದ್ದನ್ನ ಇದ್ದಹಾಗೆ ಹೇಳ್ತಾರೆ, ಇವಳು ಅತ್ತು ಹಗುರಾಗ್ತಾಳೆ, ಬಿಸಿ ಬಿಸಿ ನೂಡಲ್ಸ್ ತಿನ್ನಿಸಿ ಕಳಿಸ್ತಾರೆ. ಬರೆಯೋಕೂ ಇನ್ನೂ ಎಷ್ಟೋ ಓದ್ಬೇಕು ಅಂತ ಅವಳಿಗೇ ಅರ್ಥ ಆಗಿ, ಮನೆಗೆ ಬಂದು ಅಮ್ಮನ ಹತ್ರ ಇನ್ಮೇಲೆ ಪರೀಕ್ಷೆಗೆ ಓದ್ತೀನಿ ಅಂತಾಳೆ. ಇದು ಓದು ಬಿಡಿಸೋ ಸಿನಿಮಾನಾ, ನೀವೇ ಹೇಳಿ ಮಾಮ.

ಕೊನೇಲಿ ಸೈಕಲ್ ಏರಿನಲ್ಲಿ ಹತ್ತಲ್ಲ, ಹುಡುಗ ಏದುಸಿರು ಬಿಡ್ತಾ ಇವಳನ್ನ ಹಿಂದೆ ಕೂರಿಸ್ಕೊಂಡು ತುಳೀತಿರ್ತಾನೆ, ಇವಳು ದಡಕ್ಕಂತ ಇಳಿದು ನಿನಗೆ ಹೊರೆ ಆಗೋಳಲ್ಲ ಅಂತ ಹಿಂದಿಂದ ತಳ್ತಾಳೆ. ನನ್ ಮಗಳು ಅಲ್ಲಿ ಚಪ್ಪಾಳೆ ಹೊಡೆದ್ಲು.

ಇದನ್ನ ಮಾಡಿದೋರು ಯೋಶಿಫುಮಿ ಕೊಂಡೊ, ಚಿತ್ರಕಥೆ ಹೆಸರಾಂತ ಅನಿಮೇಷನ್ ನಿರ್ದೇಶಕ ಮಿಯಾಜಾಕಿದು, ಸ್ಟುಡಿಯೋ ಜಪಾನಿನ ಘಿಬ್ಲಿ. ಕೊಂಡೊ ನಿರ್ದೇಶಿಸಿದ ದೊಡ್ಡ ಸಿನಿಮಾ ಇದೊಂದೇ, 1998ರಲ್ಲಿ 47ಕ್ಕೇ ತೀರ್ಕೊಂಡ್ರು, ಅದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಒಂದು ಎಚ್ಚರ ಸುಮಕ್ಕ, ಅದೇ ಸ್ಟುಡಿಯೋದ್ದು ಅಂತ ಕಣ್ಮುಚ್ಕೊಂಡು ಇನ್ನೊಂದು ಹಾಕ್ಬೇಡ. ಗ್ರೇವ್ ಆಫ್ ದಿ ಫೈರ್‌ಫ್ಲೈಸ್ ಯುದ್ಧದಲ್ಲಿ ಮಕ್ಳು ಹಸಿವಿನಿಂದ ಸಾಯೋ ಕಥೆ, ಪ್ರಿನ್ಸೆಸ್ ಮೊನೊನೊಕೆಲಿ ಕೈ ತಲೆ ಹಾರುತ್ತೆ. ಪುಟಾಣಿಗಳಿಗೆ ಬೇಕಂದ್ರೆ ಮಧ್ಯಾಹ್ನಾನೇ ಅದೇ ಸ್ಟುಡಿಯೋದ ಟೊಟೊರೊ ಸಿನಿಮಾ ಹಾಕಿ ಮಲಗಿಸ್ಬಿಡು, ಅದು ಒಂದೂವರೆ ಗಂಟೆ ಒಳಗೇ ಮುಗಿಯುತ್ತೆ.

ಇದು 111 ನಿಮಿಷ, ಆರು ಗಂಟೆಗೆ ಶುರು ಮಾಡಿದ್ರೆ ಎಂಟಕ್ಕೆ ಊಟಕ್ಕೇಳ್ಬಹುದು. ಇಂಗ್ಲಿಷ್ ಡಬ್ಬಿಂಗ್ ಹಾಕು, ಸಬ್‌ಟೈಟಲ್ ಓದೋಕೆ ಚಿಕ್ಕವಕ್ಕೆ ಆಗಲ್ಲ. ಮಾಮ, ನೀವು ಬನ್ನಿ, ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ, ಟೇಬಲ್ ಸೀನ್ ಆದ್ಮೇಲೂ ಬೇಡ ಅನ್ಸಿದ್ರೆ ಹೇಳಿ, ಅಲ್ಲಿಗೇ ನಿಲ್ಲಿಸೋಣ.